ಹಾರಂಗಿ ಹಿನ್ನೀರಿನ ದಂಡೆಯಲ್ಲೊಂದು ಹೋಂಸ್ಟೇ: ನಡಿಗೆಗಾಗಿಯೇ ಹೋಗಬೇಕಾದ ಮನೆ

ಕೊಡಗಿನಲ್ಲಿ ಇಂದು ಹೋಂಸ್ಟೇಗಳಿಗೆ ಬರವಿಲ್ಲ. ಕುಶಾಲನಗರ ದಾಟಿ ಮಡಿಕೇರಿಯ ಕಡೆಗೆ ಹೊರಟರೆ ಪ್ರತಿ ತಿರುವಿನಲ್ಲಿಯೂ ಒಂದಲ್ಲ ಒಂದು ಫಲಕ ಕಾಣುತ್ತದೆ. ಹೆಚ್ಚಿನವುಗಳಲ್ಲಿ ದೊರೆಯುವುದು ಶುಚಿಯಾದ ಹಾಸಿಗೆ, ಹೊಟ್ಟೆ ತುಂಬ ಊಟ, ಸಂಜೆಗೆ ಕ್ಯಾಂಪ್ ಫೈರ್, ಕಿಟಕಿಯಾಚೆಗೊಂದು ಬೆಟ್ಟ. ಹೊರಗಿನ ಊರಿನ ಬಗ್ಗೆ ಅತಿಥಿ ಕೇಳಿದರೆ ಜೀಪಿನವರ ಫೋನ್ ನಂಬರ್ ಕೊಟ್ಟು ಕೈತೊಳೆದುಕೊಳ್ಳುವವರೇ ಬಹಳ. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ ತಿರುಗಿ, ಹಾರಂಗಿ ಹಿನ್ನೀರಿನ ದಂಡೆಯವರೆಗೆ ಇಳಿದುಹೋಗುವ ಕಾಫಿ ತೋಟವೊಂದರಲ್ಲಿ ಅರೆಭಾಷೆ ಮಾತನಾಡುವ ಗೌಡ ಕುಟುಂಬವೊಂದು ನಡೆಸುತ್ತಿರುವ ಮೂರು ಕೋಣೆಗಳ ಹೋಂಸ್ಟೇಯ ಬಗ್ಗೆ ಬರೆಯಬೇಕೆನಿಸಿದ್ದು ಈ ಕಾರಣಕ್ಕೆ. ಅಲ್ಲಿ ಬೆಳಗಿನ ನಡಿಗೆ ವಸತಿಯ ಒಂದು ಭಾಗ; ಅದಕ್ಕೆ ಬೇರೆ ಶುಲ್ಕವಿಲ್ಲ, ಮನೆಯವರೇ ಜೊತೆಗೆ ಬರುತ್ತಾರೆ, ಮತ್ತು ಆ ಎರಡು ಮೂರು ಗಂಟೆಗಳಲ್ಲಿ ಹಿನ್ನೀರಿನ ಸುತ್ತಣ ಬದುಕು ಎಷ್ಟು ಅರ್ಥವಾಗುತ್ತದೆಯೋ ಅಷ್ಟು ಒಂದು ವಾರ ಕಾರಿನಲ್ಲಿ ಸುತ್ತಿದರೂ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರನ್ನು ಬರೆಯಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಮೂರೇ ಕೋಣೆಗಳಿರುವುದರಿಂದ ಈಗ ಬರುವ ಕರೆಗಳಿಗೆ ಉತ್ತರ ಹೇಳುವುದೇ ಅವರಿಗೆ ಕಷ್ಟವಾಗಿದೆ. ಆದರೂ ಬರೆಯುತ್ತಿರುವುದು, ಇಂತಹ ಮನೆಗಳು ಈ ಹಿನ್ನೀರಿನ ಸುತ್ತ ಇನ್ನೂ ಕೆಲವು ಇರುವುದರಿಂದ ಮತ್ತು ಕೋಣೆ ಕಾದಿರಿಸುವ ಮೊದಲು ಏನನ್ನು ಕೇಳಬೇಕೆಂಬುದು ಓದುಗರಿಗೆ ತಿಳಿದಿರಲಿ ಎಂಬ ಉದ್ದೇಶದಿಂದ.

ಹಾರಂಗಿ ನದಿ ಪುಷ್ಪಗಿರಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಕುಶಾಲನಗರದ ಸಮೀಪದ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಅದಕ್ಕೂ ಮೊದಲು ಹುದುಗೂರಿನ ಬಳಿ ಕಟ್ಟಿರುವ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಸಮುದ್ರ ಮಟ್ಟದಿಂದ 2,859 ಅಡಿ ಎಂಬುದು ಅದರ ಗರಿಷ್ಠ ಮಟ್ಟ. ತುಂಬಿದಾಗ ಸುಮಾರು ಎಂಟೂವರೆ ಟಿಎಂಸಿ ನೀರು ನಿಲ್ಲುತ್ತದೆ. ಈ ಅಂಕಿಗಳನ್ನು ಇಲ್ಲಿ ಕೊಡುವುದಕ್ಕೆ ಕಾರಣವಿದೆ. ಪ್ರವಾಸಿಗರು ಚಿತ್ರಗಳಲ್ಲಿ ನೋಡಿ ಬರುವ, ಹಸಿರು ದ್ವೀಪಗಳ ನಡುವೆ ಹರಡಿಕೊಂಡ ನೀರು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗಿನ ಹಾರಂಗಿ. ಜಲಾಶಯ ಸಾಮಾನ್ಯವಾಗಿ ಜುಲೈ, ಆಗಸ್ಟ್ ವೇಳೆಗೆ ತುಂಬುತ್ತದೆ, ಬಾಗಿನ ಅರ್ಪಣೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ಬಳಿಕ ನಾಲೆಗಳಿಗೆ ನೀರು ಹರಿದಂತೆಲ್ಲ ದಂಡೆ ಹಿಂದೆ ಸರಿಯುತ್ತ ಹೋಗಿ ಏಪ್ರಿಲ್ ವೇಳೆಗೆ ನೀರಿಗಿಂತ ಕೆಸರೇ ಹೆಚ್ಚಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಬಂದು ನೀರಿಲ್ಲವೆಂದು ಸಿಟ್ಟಾದ ಅತಿಥಿಗಳ ಕಥೆಯನ್ನು ಈ ದಂಡೆಯ ಎಲ್ಲ ಮನೆಯವರೂ ಹೇಳುತ್ತಾರೆ. ನಾನು ವಿಮರ್ಶಿಸುತ್ತಿರುವ ಮನೆಯ ಮೊದಲ ಗುಣವೆಂದರೆ, ಫೋನಿನಲ್ಲಿ ದಿನಾಂಕ ಹೇಳಿದ ಕೂಡಲೇ ಆಗ ನೀರು ಎಲ್ಲಿಯವರೆಗೆ ಇರುತ್ತದೆ, ಕೋಣೆಯಿಂದ ಕಾಣುತ್ತದೆಯೇ ಇಲ್ಲವೇ ಎಂಬುದನ್ನು ಅವರೇ ಬಾಯಿಬಿಟ್ಟು ಹೇಳುವುದು. ತುಂಬಿದ ಕಾಲದಲ್ಲಿಯೂ ಇಳಿದ ಕಾಲದಲ್ಲಿಯೂ ನಾನು ಅಲ್ಲಿ ತಂಗಿದ್ದೇನೆ. ಎರಡು ಸಲವೂ ಅವರು ಹೇಳಿದ್ದಕ್ಕೂ ನಾನು ಕಂಡದ್ದಕ್ಕೂ ವ್ಯತ್ಯಾಸವಿರಲಿಲ್ಲ.

ಕೋಣೆಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಂಚಿನ ಮಾಡು, ಸಿಮೆಂಟಿನ ನೆಲ, ಮಂದವಾದ ಕಂಬಳಿ, ಸ್ನಾನಕ್ಕೆ ಸೌದೆ ಒಲೆಯ ಹಂಡೆಯಿಂದ ಬರುವ ಬಿಸಿನೀರು. ಟಿವಿ ಇಲ್ಲ. ಮೊಬೈಲ್ ಸಿಗ್ನಲ್ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ತಡ. ಇನ್ವರ್ಟರ್ ದೀಪಕ್ಕೆ ಸಾಕಾಗುತ್ತದೆ, ಗೀಸರ್ ಬಯಸುವವರಿಗೆ ಸಾಕಾಗದು. ಊಟ, ತಿಂಡಿ, ನಡಿಗೆ ಎಲ್ಲ ಸೇರಿ ಒಬ್ಬರಿಗೆ ದಿನವೊಂದಕ್ಕೆ 2,200 ರೂಪಾಯಿ ತೆಗೆದುಕೊಂಡರು. ಸುತ್ತಲಿನ ದರ ನೋಡಿದರೆ ಇದು ನ್ಯಾಯವಾದದ್ದೇ.

ಇನ್ನು ನಡಿಗೆ. ಮನೆಯ ಯಜಮಾನರ ತಮ್ಮ ಬೆಳಿಗ್ಗೆ ಆರೂವರೆಗೆ ಕರಿಕಾಫಿ ಕೊಟ್ಟು ಕರೆದೊಯ್ಯುತ್ತಾರೆ. ಅದಕ್ಕಿಂತ ಮುಂಚೆ ಹೊರಡುವುದಿಲ್ಲ, ಸಂಜೆ ಕತ್ತಲಾಗುವ ಹೊತ್ತಿಗೆ ತೋಟದ ದಾರಿಯಲ್ಲಿ ಯಾರನ್ನೂ ಬಿಡುವುದಿಲ್ಲ. ಸುಂಟಿಕೊಪ್ಪದ ಸುತ್ತಣ ತೋಟಗಳಲ್ಲಿ ಕಾಡಾನೆಗಳ ಓಡಾಟ ನಿತ್ಯದ ಮಾತು. ಹಲಸು ಹಣ್ಣಾದರೆ ವಾಸನೆಗೆ ಆನೆ ಬರುತ್ತದೆಂದು ಎಷ್ಟೋ ಬೆಳೆಗಾರರು ಕಾಯಿ ಎಳೆಯದಾಗಿರುವಾಗಲೇ ಕೊಯ್ದು ಹಾಕುತ್ತಾರೆ. ಈ ವಿಷಯವನ್ನು ಅತಿಥಿಗಳಿಗೆ ರೋಮಾಂಚನದ ಸರಕಾಗಿ ಮಾರದೆ, ಮೊದಲ ಸಂಜೆಯೇ ಜಗಲಿಯಲ್ಲಿ ಕೂರಿಸಿ ಎಲ್ಲಿಯವರೆಗೆ ಒಬ್ಬರೇ ಹೋಗಬಹುದು, ಎಲ್ಲಿಂದ ಮುಂದೆ ಹೋಗಬಾರದು, ಹೊಸ ಲದ್ದಿ ಕಂಡರೆ ಏನು ಮಾಡಬೇಕು ಎಂದು ತಿಳಿಸಿದ ರೀತಿ ನನಗೆ ತುಂಬ ಮೆಚ್ಚುಗೆಯಾಯಿತು.

ತೋಟದೊಳಗಿನ ದಾರಿ ರೊಬಸ್ಟಾ ಗಿಡಗಳ ನಡುವೆ ಇಳಿಯುತ್ತ ಹೋಗುತ್ತದೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಅವುಗಳ ಕಾಂಡಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಕಾಫಿ ಹೂವು ಅರಳುವುದು ಬೇಸಿಗೆಯ ಮೊದಲ ಹೂಮಳೆಯ ಬಳಿಕ. ಅದು ಕೆಲವೇ ದಿನಗಳ ಸಂಭ್ರಮ, ಮತ್ತು ಆ ಮಳೆ ಯಾವ ವಾರ ಬೀಳುತ್ತದೆಂದು ಯಾರೂ ಮೊದಲೇ ಹೇಳಲಾರರು. ಹೂ ಅರಳಿದ ಮೇಲೆ ಕೆಲವು ವಾರಗಳಲ್ಲಿ ಮತ್ತೊಂದು ಮಳೆಯಾಗದಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ ಎಂಬುದನ್ನು ಅವರು ಗೆಲ್ಲೊಂದನ್ನು ಬಗ್ಗಿಸಿ, ಒಣಗಿ ಕಪ್ಪಾದ ಹೂಗೊಂಚಲನ್ನೂ ಅದರ ಪಕ್ಕದಲ್ಲಿ ಹಸಿರು ಮಿಡಿ ಕಟ್ಟಿದ ಗಂಟನ್ನೂ ತೋರಿಸಿ ವಿವರಿಸಿದರು. ಸ್ಪ್ರಿಂಕ್ಲರ್ ಇರುವ ತೋಟಕ್ಕೆ ಈ ಚಿಂತೆ ಕಡಿಮೆ, ಇಲ್ಲದವರು ಆಕಾಶ ನೋಡಬೇಕು. ಹಿನ್ನೀರಿನ ಪಕ್ಕದಲ್ಲಿಯೇ ಇದ್ದರೂ ತಮ್ಮ ತೋಟ ಎರಡನೆಯ ಬಗೆಯದೆಂದು ಅವರು ಹೇಳಿದಾಗ, ನೀರಿನ ಹತ್ತಿರ ಇರುವುದಕ್ಕೂ ನೀರು ಕೈಗೆ ಸಿಗುವುದಕ್ಕೂ ಇರುವ ಅಂತರ ಮನಸ್ಸಿಗೆ ತಟ್ಟಿತು.

ದಾರಿಯಲ್ಲಿ ಪಕ್ಕದ ತೋಟವೊಂದರ ಲೈನ್ ಮನೆಗಳು, ಅಂದರೆ ಕೆಲಸಗಾರರ ಸಾಲು ಮನೆಗಳು, ಸಿಗುತ್ತವೆ. ನಮ್ಮ ಜೊತೆಗಿದ್ದ ಬೆಂಗಳೂರಿನ ದಂಪತಿ ಒಳಗೆ ಹೋಗಿ ನೋಡಬಹುದೇ ಎಂದು ಕೇಳಿದರು. "ಬೇಡ ಸಾರ್, ಕೆಲಸಕ್ಕೆ ಹೊರಡುವ ಹೊತ್ತು. ಅವರ ಮನೆಗೆ ನಾವ್ಯಾಕೆ ಇಣುಕೋದು" ಎಂದು ಮೃದುವಾಗಿ ಹೇಳಿ ಅವರು ಬೇರೆ ದಾರಿ ಹಿಡಿದರು. ಸಣ್ಣ ಊರುಗಳನ್ನು ತೋರಿಸುತ್ತೇವೆ ಎನ್ನುವ ಪ್ರವಾಸ ಸೇವೆಗಳು ಈ ಒಂದು ಸಂಗತಿಯಲ್ಲಿ ಸೋಲುವುದೇ ಹೆಚ್ಚು. ಆದಿವಾಸಿಗಳ ಹಾಡಿಗಳಿಗೆ ವಾಹನ ತುಂಬ ಜನರನ್ನು ಕರೆದೊಯ್ದು ಫೋಟೋ ತೆಗೆಸುವುದನ್ನು ಕಂಡವರಿಗೆ ಆ ನಿರಾಕರಣೆಯ ಬೆಲೆ ತಿಳಿಯುತ್ತದೆ. ಅದೇ ವ್ಯಕ್ತಿ ಊರಿನ ಅಂಗಡಿಯ ಬೆಂಚಿನ ಮೇಲೆ ನಮ್ಮನ್ನು ಕೂರಿಸಿ ಚಹಾ ಕುಡಿಸಿದರು, ಹಾಲು ಹಾಕಿ ಬರುತ್ತಿದ್ದ ಹೆಂಗಸರೊಡನೆ ಮಾತನಾಡಲು ಬಿಟ್ಟರು. ಅಲ್ಲಿ ಮಾತು ತಾನಾಗಿ ಹೊರಟಿತು. ಆ ಒಂದು ಬೆಂಚಿನ ಸುತ್ತ ಅರೆಭಾಷೆ, ಕೊಡವ ತಕ್ಕ್, ಮಲಯಾಳಂ, ತುಳು ಎಲ್ಲವೂ ಕಿವಿಗೆ ಬಿದ್ದವು, ಎಲ್ಲರೂ ನಮಗಾಗಿ ಕನ್ನಡಕ್ಕೆ ಹೊರಳುತ್ತಿದ್ದರು. ಉತ್ತರ ಕೊಡಗಿನ ಊರುಗಳ ಈ ಗುಣ ಮಡಿಕೇರಿಯ ವ್ಯೂ ಪಾಯಿಂಟುಗಳಲ್ಲಿ ನಿಂತವರಿಗೆ ಗೊತ್ತಾಗುವುದೇ ಇಲ್ಲ.

ದಂಡೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ, ಅದು ಸರಿಯೂ ಹೌದು. ರಾತ್ರಿ ಬಿಟ್ಟ ಬಲೆಯನ್ನು ಎತ್ತಿಕೊಂಡು ಹರಿಗೋಲಿನಲ್ಲಿ ಬರುವ ಮೀನುಗಾರರು ಆ ಹೊತ್ತಿಗೆ ದಡ ಸೇರುತ್ತಾರೆ. ಕಾಟ್ಲಾ, ರೋಹು, ಜಿಲೇಬಿ ಮೀನುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ, ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಕಡ್ಡಿ, ಎಲೆ, ಪ್ಲಾಸ್ಟಿಕ್ ಚೀಲದ ಚೂರುಗಳನ್ನು ಒಂದೊಂದಾಗಿ ಬಿಡಿಸುವುದನ್ನು ನೋಡಿದರೆ, ಮೀನು ಹಿಡಿಯುವುದಕ್ಕಿಂತ ಬಲೆ ಚೊಕ್ಕಟ ಮಾಡುವುದಕ್ಕೇ ಹೆಚ್ಚು ಸಮಯ ಹೋಗುತ್ತದೆಂದು ತಿಳಿಯುತ್ತದೆ. ಬೇಕಾದರೆ ಅಲ್ಲಿಯೇ ತೂಕ ಮಾಡಿಸಿ ಮೀನು ಕೊಳ್ಳಬಹುದು, ಮನೆಯಲ್ಲಿ ಮಧ್ಯಾಹ್ನಕ್ಕೆ ಸಾರು ಮಾಡಿಕೊಡುತ್ತಾರೆ. ನೀರಿನಿಂದ ಮೇಲೆದ್ದ ಸತ್ತ ಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿರುತ್ತವೆ. ಬೆಳ್ಳಕ್ಕಿ, ಮಿಂಚುಳ್ಳಿ, ಟಿಟ್ಟಿಭ ಕಾಣದ ದಿನವಿಲ್ಲ. ಅತ್ತಿ ಹಣ್ಣಾಗಿದ್ದರೆ ಮಂಗಟ್ಟೆಗಳ ಕೂಗು ತೋಟದ ಕಡೆಯಿಂದ ಕೇಳುತ್ತದೆ.

ಬೇಸಿಗೆಯ ನಡಿಗೆಯಲ್ಲಿ ಕಂಡ ಒಂದು ನೋಟವನ್ನು ಇಲ್ಲಿ ಹೇಳಲೇಬೇಕು. ನೀರು ಬಹಳ ಇಳಿದಿತ್ತು. ಒಣಗಿ ಬಿರಿದ ಮಣ್ಣಿನ ಮೇಲೆ ನಡೆದುಹೋಗಿ ಅವರು ಒಂದೆಡೆ ನಿಂತು, ಕಾಲಿನಿಂದ ಗೆರೆ ಎಳೆದಂತೆ ತೋರಿಸಿದರು: ಮೊಣಕಾಲೆತ್ತರವೂ ಇಲ್ಲದ, ನೀರು ತಿಂದು ನಯವಾದ ಮಣ್ಣಿನ ದಿಬ್ಬವೊಂದು ನೇರವಾಗಿ ಸಾಗಿ, ಲಂಬವಾಗಿ ತಿರುಗಿ, ಮತ್ತೆ ನೇರವಾಗಿ ಹೋಗಿ ನೀರಿನೊಳಗೆ ಸೇರುತ್ತಿತ್ತು. ಅದು ಅವರ ಅಜ್ಜನ ಗದ್ದೆಯ ಬದು. ಅಣೆಕಟ್ಟಿಗೆ ಮುಂಚೆ ಆ ತಗ್ಗೆಲ್ಲ ಭತ್ತದ ಗದ್ದೆಯಾಗಿತ್ತು, ಮೇಲಿನ ತೋಟ ಮಾತ್ರ ಉಳಿಯಿತು. "ಪರಿಹಾರ ಬಂತು ಅಕ್ಕ. ಅಜ್ಜ ಮಾತ್ರ ಕೊನೆತನಕ ಅಂಗಡಿ ಅಕ್ಕಿ ಉಣ್ಣಲಿಲ್ಲ, ನೆಂಟರ ಮನೆಯಿಂದ ಭತ್ತ ತರಿಸ್ತಿದ್ದರು" ಎಂದರು. ಈ ನೀರು ಹುಣಸೂರು, ಪಿರಿಯಾಪಟ್ಟಣದ ಕಡೆಯ ಎಷ್ಟೋ ಹೊಲಗಳಿಗೆ ಜೀವ ಕೊಟ್ಟಿದೆ ಎಂಬುದನ್ನೂ ಅವರು ಅಷ್ಟೇ ಗೌರವದಿಂದ ಹೇಳಿದರು. ಯಾವ ಪ್ರವಾಸಿ ಮಾಹಿತಿ ಪುಸ್ತಿಕೆಯಲ್ಲಿಯೂ ಸಿಗದ ಈ ಪಾಠಕ್ಕಾಗಿ, ನೀರು ಇಳಿದ ಕಾಲದಲ್ಲಿಯೂ ಆಸಕ್ತರು ಇಲ್ಲಿಗೆ ಹೋಗಬೇಕೆಂದು ನಾನು ಶಿಫಾರಸು ಮಾಡುತ್ತೇನೆ.

ಅದೇ ಮಣ್ಣನ್ನು ಕೈಯಲ್ಲಿ ಹಿಡಿದು ಅವರು 2018ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಂಡರು. ಆ ವರ್ಷ ಮಕ್ಕಂದೂರು, ಹಟ್ಟಿಹೊಳೆ ಭಾಗಗಳಲ್ಲಿ ಬೆಟ್ಟಗಳೇ ಜಾರಿ ಮನೆ, ತೋಟಗಳನ್ನು ಕೊಚ್ಚಿದವು. ಆ ಹೊಳೆಗಳ ನೀರು ಹಾರಂಗಿಗೇ ಬರುವುದರಿಂದ ಮಣ್ಣು, ಮರ ಎಲ್ಲವೂ ಇಲ್ಲಿಗೇ ಬಂದು ಸೇರಿತು, ಜಲಾಶಯದ ಹೂಳಿನ ಪ್ರಶ್ನೆ ಅಂದಿನಿಂದ ಮತ್ತಷ್ಟು ಬಿಗಡಾಯಿಸಿತು. ಇಳಿದ ದಂಡೆಯಲ್ಲಿ ಹಳೆಯ ಕಪ್ಪು ಮಣ್ಣಿನ ಮೇಲೆ ಕೆಂಪು ಮಣ್ಣಿನ ಪದರವನ್ನು ಅವರು ತೋರಿಸಿದರು. ನೋಡಲು ಚೆಂದವಾದ ಜಾಗದಲ್ಲಿ ಇದನ್ನೆಲ್ಲ ಅತಿಥಿಗೆ ಏಕೆ ಹೇಳಬೇಕು ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಕೊಡಗಿಗೆ ಬರುವವರು ಈ ನೆಲ ಎಷ್ಟು ಭಾರ ಹೊರಬಲ್ಲದು ಎಂಬುದನ್ನು ತಿಳಿದು ಬರಲಿ ಎಂದೇ ನನ್ನ ಆಸೆ.

ಅಡುಗೆ ಈ ಮನೆಯ ಎರಡನೆಯ ಬಲ. ಬೆಳಿಗ್ಗೆ ಅಕ್ಕಿ ರೊಟ್ಟಿಗೆ ಎಳ್ಳಿನ ಚಟ್ನಿ ಮತ್ತು ಜೇನು, ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ಪಲ್ಯ, ರಾತ್ರಿ ಕಡುಬು ಅಥವಾ ಅಕ್ಕಿ ಶ್ಯಾವಿಗೆಯಾದ ನೂಲ್‌ಪುಟ್ಟಿನ ಜೊತೆಗೆ ಹಂದಿ ಇಲ್ಲವೇ ಕೋಳಿ ಸಾರು. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಕೆಸದ ಪತ್ರೊಡೆ ಇರುತ್ತದೆ. ಆಟಿ ತಿಂಗಳ ಹದಿನೆಂಟನೆಯ ದಿನದ ಹೊತ್ತಿಗೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಹೋದವರಿಗೆ ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸವೂ ಸಿಗುತ್ತದೆ. ಹಂದಿ ಸಾರಿಗೆ ಬಳಸುವ ಕಾಚಂಪುಳಿಯನ್ನು ಮನೆಯಲ್ಲಿಯೇ ಮಾಡುತ್ತಾರೆ. ಪುಳಿ ಮರದ ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಕೆಳಗೆ ಪಾತ್ರೆ ಇಟ್ಟರೆ ಹಣ್ಣು ಕೊಳೆಯುತ್ತ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದಾಗ ಡಾಂಬರಿನಷ್ಟು ಕಪ್ಪಗೆ, ಮಂದವಾಗಿ ಉಳಿಯುವುದೇ ಕಾಚಂಪುಳಿ. ನಮ್ಮನ್ನು ನಡಿಗೆಗೆ ಕರೆದೊಯ್ದವರ ಅತ್ತಿಗೆ ಒಲೆಯ ಮೇಲಿನ ಹಲಗೆಯಿಂದ ಬಾಟಲಿ ತೆಗೆದು, ಸಾರು ಇಳಿಸುವ ಮುನ್ನ ಅರ್ಧ ಚಮಚ ಹಾಕಿ, ತುಸು ಹೊತ್ತಿನ ಬಳಿಕ ರುಚಿ ನೋಡಲು ಕೊಟ್ಟರು. ಹುಣಸೆಯ ಹುಳಿ ನಾಲಗೆಯ ತುದಿಗೆ ತಾಗಿದರೆ ಇದರ ಹುಳಿ ಕೊಬ್ಬನ್ನು ಕತ್ತರಿಸಿಕೊಂಡು ಒಳಗಿಳಿಯುತ್ತದೆ, ಸಾರಿಗೆ ಗಾಢ ಬಣ್ಣವನ್ನೂ ಕೊಡುತ್ತದೆ. ಮಾರುಕಟ್ಟೆಯಲ್ಲಿ ನೀರು ಬೆರೆಸಿದ್ದು ಸಿಗುವುದರಿಂದ, ಇಲ್ಲಿ ಒಂದು ಸಣ್ಣ ಬಾಟಲಿ ಕೊಂಡು ತರುವುದು ಒಳ್ಳೆಯದು. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ, ಆದರೆ ಹಿಂದಿನ ದಿನವೇ ತಿಳಿಸಬೇಕು.

ದಿನದ ಪ್ರವಾಸಗಳನ್ನು ಮನೆಯವರು ಹೇಳಿಕೊಡುವ ಕ್ರಮ ನನಗೆ ಹಿಡಿಸಿತು. ಎಲ್ಲರೂ ಕೇಳುವ ದುಬಾರೆ ಆನೆ ಶಿಬಿರ, ಕಾವೇರಿ ನಿಸರ್ಗಧಾಮಗಳನ್ನು ವಾರದ ನಡುವಿನ ದಿನಕ್ಕೆ ಬಿಡಿ ಎಂದು ಸಲಹೆ ಕೊಟ್ಟು, ಸೋಮವಾರಪೇಟೆಯ ಕಡೆಗೆ ಕಳಿಸುತ್ತಾರೆ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಅಣೆಕಟ್ಟಿನ ಹಿನ್ನೀರಿಗಿಂತ ತೀರ ಬೇರೆಯ ಅನುಭವ. ಊರಿಗೆ ನೀರಾಗಲೆಂದು ತನ್ನನ್ನೇ ಅರ್ಪಿಸಿಕೊಂಡ ಹೊನ್ನಮ್ಮನ ಕಥೆ ಅಲ್ಲಿಯದು, ಗೌರಿ ಹಬ್ಬದಂದು ಸುತ್ತಣ ಊರುಗಳ ಜನ ಸೇರಿ ಕೆರೆಗೆ ಬಾಗಿನ ಅರ್ಪಿಸುತ್ತಾರೆ. ಹಬ್ಬದ ದಿನ ಹೋಗುವವರು ಕ್ಯಾಮೆರಾ ಹಿಡಿದು ಮುಂದೆ ನುಗ್ಗದೆ, ಹಿಂದೆ ನಿಂತು ನೋಡಿದರೆ ಒಳ್ಳೆಯದು. ಬೇರೆ ದಿನಗಳಲ್ಲಿ ಅಲ್ಲಿ ದನ ಕಾಯುವ ಮಕ್ಕಳನ್ನು ಬಿಟ್ಟರೆ ಗದ್ದಲವಿಲ್ಲ. ಪುಷ್ಪಗಿರಿಯ ಕಡೆಗೆ ಇನ್ನಷ್ಟು ಮುಂದೆ ಹೋದರೆ ಮಲ್ಲಳ್ಳಿ ಜಲಪಾತ. ಅಲ್ಲಿ ಧುಮುಕುವ ಕುಮಾರಧಾರೆ ಪಶ್ಚಿಮಕ್ಕೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿನ ಮಳೆ ಹಾರಂಗಿಯಾಗಿ ಕಾವೇರಿಗೆ ಸೇರಿ ಪೂರ್ವಕ್ಕೆ ಸಾಗುತ್ತದೆ. ಬೆಳಿಗ್ಗೆ ಹಿನ್ನೀರನ್ನೂ ಮಧ್ಯಾಹ್ನ ಮಲ್ಲಳ್ಳಿಯನ್ನೂ ನೋಡಿದವರಿಗೆ ಈ ಭೂಗೋಳ ಪಠ್ಯಪುಸ್ತಕದ ನೆರವಿಲ್ಲದೆ ತಿಳಿಯುತ್ತದೆ. ಜಲಪಾತದ ಬುಡಕ್ಕೆ ಮೆಟ್ಟಿಲುಗಳು ಬಹಳ, ಮಳೆಯಲ್ಲಿ ಜಾರುತ್ತವೆ. ಮಂಡಿನೋವಿರುವವರು ಮೇಲಿನಿಂದಲೇ ನೋಡಿ ಹಿಂತಿರುಗುವುದು ಲೇಸು. ಚಿಕ್ಲಿಹೊಳೆಯ ಸಣ್ಣ ಜಲಾಶಯವೂ ತುಂಬಿ ಹರಿಯುವಾಗ, ಅರ್ಧವೃತ್ತದ ಕಟ್ಟೆಯ ಮೇಲಿಂದ ನೀರು ಒಳಕ್ಕೆ ಇಳಿಯುವುದನ್ನು ನೋಡಲು ಯೋಗ್ಯವಾಗಿದೆ.

ಕೊರತೆಗಳನ್ನೂ ಹೇಳಬೇಕು, ಏಕೆಂದರೆ ಅವುಗಳಲ್ಲಿ ಒಂದು ಗಂಭೀರವಾದದ್ದು. ಹಿನ್ನೀರಿಗೆ ಇಳಿಯಬೇಡಿ ಎಂದು ಮನೆಯವರು ಬಾಯಿಮಾತಿನಲ್ಲಿ ಹೇಳುತ್ತಾರೆ. "ಮೇಲಿಂದ ನೋಡಿದರೆ ಗಟ್ಟಿ ದಡ ಅನ್ನಿಸ್ತದೆ ಅಕ್ಕ, ಕಾಲಿಟ್ಟರೆ ಸೊಂಟದ ತನಕ ಕೆಸರು, ಆಮೇಲೆ ಒಮ್ಮೆಗೇ ಆಳ" ಎಂದು ನನಗೂ ಹೇಳಿದ್ದರು. ಆದರೆ ಇತರ ಅತಿಥಿಗಳಲ್ಲಿ ಇಬ್ಬರು ಯುವಕರು ಮಧ್ಯಾಹ್ನ ಯಾರಿಗೂ ಹೇಳದೆ ಇಳಿದು ಹೋಗಿ ಈಜಲು ಅಂಗಿ ಬಿಚ್ಚುತ್ತಿದ್ದರು. ತೋಟದ ಕೆಲಸಗಾರರೊಬ್ಬರು ಕಂಡು ಕೂಗಿ ತಡೆದರು. ಮರದ ಬೊಡ್ಡೆ, ಬಲೆ, ಹೂಳು ಇರುವ ನೀರಿನಲ್ಲಿ ಒಳ್ಳೆಯ ಈಜುಗಾರನೂ ಸಿಕ್ಕಿಹಾಕಿಕೊಳ್ಳುತ್ತಾನೆ. ದಂಡೆಗೆ ಇಳಿಯುವ ದಾರಿಯ ತಲೆಯಲ್ಲಿ ಒಂದು ಎಚ್ಚರಿಕೆಯ ಫಲಕ, ಒಂದು ಬೇಲಿ, ಹಗ್ಗ ಕಟ್ಟಿದ ಎರಡು ಲೈಫ್ ಜಾಕೆಟ್ ಇರಲೇಬೇಕು. ಇದನ್ನು ನಾನು ಅವರಿಗೆ ಹೇಳಿದೆ. ಬೇಸಿಗೆಯಲ್ಲಿ ಹೋದಾಗ ಫಲಕ ಬಂದಿತ್ತು, ಉಳಿದದ್ದು ಬಂದಿರಲಿಲ್ಲ.

ಮನೆಯವರು ಕರೆಸಿಕೊಡುವ ಜೀಪ್ ಅವರದ್ದಲ್ಲ. ಚಾಲಕ ಕಿರಿದಾದ ತೋಟದ ರಸ್ತೆಯಲ್ಲಿ ವೇಗವಾಗಿ ಓಡಿಸಿದ್ದಲ್ಲದೆ, ಹೇಳಿದ್ದಕ್ಕಿಂತ ಹೆಚ್ಚು ಬಾಡಿಗೆ ಕೇಳಿದ. ಮನೆಯವರು ನಡುವೆ ಬಂದು ಸರಿಪಡಿಸಿದರು ಎಂಬುದು ಅವರ ಒಳ್ಳೆಯತನ, ಆದರೆ ಬಾಡಿಗೆಯ ದರವನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿದರೆ ಈ ಕಿರಿಕಿರಿಯೇ ಇರುವುದಿಲ್ಲ. ವಯಸ್ಸಾದವರಿಗೆ ಕೋಣೆಗಳ ಮುಂದಿನ ಮೆಟ್ಟಿಲುಗಳಿಗೆ ಹಿಡಿಕೆಯಿಲ್ಲದಿರುವುದು ತೊಂದರೆ. ಭಾನುವಾರ ಆಚೆ ದಡದಲ್ಲಿ ಯಾರೋ ಧ್ವನಿವರ್ಧಕ ಹಾಕುತ್ತಾರೆ, ನೀರಿನ ಮೇಲೆ ಸದ್ದು ಬಹಳ ದೂರ ಬರುತ್ತದೆ. ಇದು ಈ ಮನೆಯ ತಪ್ಪಲ್ಲ, ಆದರೂ ನೆಮ್ಮದಿ ಬಯಸುವವರು ವಾರದ ನಡುವೆ ಹೋಗಬೇಕು. ಈ ಮನೆಯಲ್ಲಿ ಸಂಗೀತ ಪೆಟ್ಟಿಗೆಗೆ ಅನುಮತಿಯಿಲ್ಲ, ಕುಡಿಯುವ ನೀರು ಸ್ಟೀಲ್ ಹೂಜಿಯಲ್ಲಿ ಬರುತ್ತದೆ, ಅತಿಥಿ ತಂದ ಪ್ಲಾಸ್ಟಿಕ್ ಬಾಟಲಿಗಳನ್ನು ಅತಿಥಿಯೇ ವಾಪಸ್ ಒಯ್ಯಬೇಕು. ಕೊನೆಯ ನಿಯಮಕ್ಕೆ ಮುಖ ಸಿಂಡರಿಸಿದವರನ್ನೂ ಕಂಡೆ. ಬಲೆಯಿಂದ ಪ್ಲಾಸ್ಟಿಕ್ ಬಿಡಿಸುವುದನ್ನು ಅದೇ ಬೆಳಿಗ್ಗೆ ನೋಡಿದ್ದವರು ತಕರಾರು ಮಾಡಲಿಲ್ಲ.

ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದು, ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಸುಂಟಿಕೊಪ್ಪದಲ್ಲಿ ಇಳಿಯಬಹುದು; ಅಲ್ಲಿಂದ ಮಾದಾಪುರದ ಕಡೆಗೆ ಹೋಗುವ ಬಸ್ಸು ಅಥವಾ ಆಟೋ ಹಿಡಿಯಬೇಕು. ಕತ್ತಲಾದ ಮೇಲೆ ಒಳದಾರಿಯಲ್ಲಿ ಆಟೋದವರು ಬರಲು ಒಪ್ಪುವುದಿಲ್ಲ, ಅವರ ಭಯ ಸಕಾರಣವಾದದ್ದು, ಆದ್ದರಿಂದ ಸಂಜೆ ಐದರೊಳಗೆ ತಲುಪುವಂತೆ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಗಣೆ ಇರುತ್ತದೆ, ಉದ್ದದ ಕಾಲುಚೀಲ ಮತ್ತು ಸುಣ್ಣ ಅಥವಾ ಉಪ್ಪಿನ ಗಂಟು ಜೊತೆಗಿರಲಿ. ನೀರು ಮತ್ತು ನಡಿಗೆ ಎರಡೂ ಚೆನ್ನಾಗಿರಬೇಕೆಂದರೆ ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಕಾಲ ಸೂಕ್ತ. ಆ ಅವಧಿಯ ಶನಿವಾರಗಳು ತಿಂಗಳ ಮೊದಲೇ ತುಂಬುತ್ತವೆ. ಈ ದಂಡೆಯ ಯಾವ ಹೋಂಸ್ಟೇಗೆ ಕರೆ ಮಾಡಿದರೂ ನಾಲ್ಕು ಪ್ರಶ್ನೆ ಕೇಳಿ: ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ಮನೆಯವರು ಅಲ್ಲಿಯೇ ವಾಸವಿದ್ದಾರೆಯೇ, ಆ ವಾರ ನೀರು ಎಲ್ಲಿಯವರೆಗೆ ಇದೆ, ಬೆಳಿಗ್ಗೆ ನಡಿಗೆಗೆ ಜೊತೆಯಲ್ಲಿ ಬರುವವರು ಯಾರು. ನಾಲ್ಕನೆಯದಕ್ಕೆ ಸ್ಪಷ್ಟ ಉತ್ತರ ಬರದಿದ್ದರೆ ಬೇರೆ ಮನೆ ನೋಡಿ.